ಏನೂ ಆಗದಂತೆ ಮಾಡುವ ಹನಿ

ನಂಜನಗೂಡು
14-6-2001

ತಿ. ನರಸೀಪುರದ ನರ್ಸರಿ ಶಾಲೆಯ ಪೀಠಾಧೀಶ್ವರಿ, ಒಂದು ತರಗತಿಯಷ್ಟು ಮೂಗುಗಳನ್ನು ಏಕಕಾಲಕ್ಕೆ ಒರೆಸುವ ಸಾಮರ್ಥ್ಯವುಳ್ಳ ನನ್ನ ತಂಗಿ ರೋಜಾಳ ದಿವ್ಯ ಸನ್ನಿಧಿಗೆ,

ಬೆಟ್ಟಸ್ವಾಮಿಯ ಬಿನ್ನಹ. ಅಪ್ಪ ಕೊಡಿಸಿದ ಕಂಡಕ್ಟರ್ ಕೆಲಸ ಬಿಟ್ಟು ಓಡಿಹೋದ ಆ ಪಾಪಿ ಇನ್ನೂ ಸತ್ತಿಲ್ಲ. ಟೈ ಕಟ್ಟಿಕೊಂಡು, ಔಷಧ ಕಂಪನಿಯ ರೆಪ್ ಎನ್ನಿಸಿಕೊಂಡು, ಇಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೂಮಿನಲ್ಲಿ ಇದ್ದಾನೆ. ರೂಮಿಗೆ ಒಂದು ಕಿಟಕಿ, ಕಿಟಕಿಯ ಎದುರಿಗೇ ಒಂದು ಗೋಡೆ. ಅವ್ವನಿಗೆ ಓದಿ ಹೇಳುವಾಗ ಗೋಡೆ ಬಿಟ್ಟು ಓದು.

ಕಂಪನಿಯವರು ನನ್ನ ವಶಕ್ಕೆ ಒಪ್ಪಿಸಿರುವುದು ಒಂದು ಕಣ್ಣಿನ ಹನಿ. ಬಾಟಲಿ ಹೆಬ್ಬೆರಳಿಗಿಂತ ಚಿಕ್ಕದು. ಬೆಲೆ ನಮ್ಮ ಮನೆಯ ಒಂದು ತಿಂಗಳ ರೇಷನ್ನು. ಬಿಸಿಲು ತಾಗಬಾರದು, ಸೆಕೆ ಆಗಬಾರದು, ಯಾವಾಗಲೂ ತಣ್ಣಗಿರಬೇಕು. ಇಂಥ ನಾಜೂಕನ್ನು ‘ಔಷಧಿ’ ಎಂದು ಕರೆಯಲು ಮನಸ್ಸು ಬಾರದೆ ನಾನು ‘ಮಹಾರಾಣಿ’ ಎಂದು ಹೆಸರಿಟ್ಟಿದ್ದೇನೆ. ಮಹಾರಾಣಿಯವರು ಬೆಳಗ್ಗೆ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ತಂದ ಮಂಜುಗಡ್ಡೆಯ ಮೇಲೆ ಪವಡಿಸಿ, ಥರ್ಮೋಕೋಲ್ ಪಲ್ಲಕ್ಕಿಯಲ್ಲಿ, ನನ್ನ ತೊಡೆಯ ಮೇಲೆ ಸವಾರಿ ಹೊರಡುತ್ತಾರೆ. ಮೊನ್ನೆ ಹುಲ್ಲಹಳ್ಳಿ ಬಸ್ಸಿನಲ್ಲಿ ಪಕ್ಕದ ಅಜ್ಜಿ ಡಬ್ಬ ತಟ್ಟಿ, “ಯಾವ ಮೀನ್ಲಾ ಮಗ? ಕೇಜಿ ಎಂಗೆ?” ಎಂದಳು.

ಮೀನಾಗಿದ್ದರೆ ಮಾರಾಟವಾಗುತ್ತಿತ್ತು. ಇಲ್ಲಿನ ಕಣ್ಣಿನ ಡಾಕ್ಟರು ನಂಜುಂಡೇಶ್ ಅವರ ಬಾಗಿಲಲ್ಲಿ ಊಟದ ಹೊತ್ತು ಮೀರುವ ತನಕ ಕಾದು ಒಳಗೆ ಹೋದೆ. ನಡೆದ ಸಂಭಾಷಣೆಯನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸುತ್ತೇನೆ.

“ಇದು ಹಾಕಿದ್ರೆ ಹೋದ ದೃಷ್ಟಿ ಬರುತ್ತೇನ್ರೀ?”

“ಬರಲ್ಲ ಸಾ.”

“ಉರಿ, ನೋವು ಹೋಗುತ್ತಾ?”

“ಈ ಕಾಯಿಲೇಲಿ ಉರಿ, ನೋವು ಎರಡೂ ಇರಲ್ಲ ಸಾ.”

“ಅದು ನನಗೂ ಗೊತ್ತು. ಹಳ್ಳಿಯಿಂದ ಬಂದೋನು ಕೇಳ್ತಾನಲ್ಲ, ಹಾಕಿದ್ರೆ ಏನಾಗುತ್ತೆ ಅಂತ? ಏನು ಹೇಳ್ಲಿ?”

“ಏನೂ ಆಗಲ್ಲ ಸಾ. ಏನೂ ಆಗದ ಹಾಗೆ ನೋಡ್ಕೊಳ್ಳುತ್ತೆ.”

“ಅಷ್ಟು ದುಡ್ಡು ಕೊಟ್ಟು ‘ಏನೂ ಇಲ್ಲ’ ಕೊಂಡ್ಕೊಳಯ್ಯ ಅಂತ ನನ್ನ ಬಾಯಿಂದ ಹೇಳಿಸ್ತೀರಾ? ಹಳೇ ಹನಿ ಅಗ್ಗ. ಅದನ್ನೇ ಬರೀತೀನಿ. ಹೊರಡಿ.”

ವಿಷಯ ಇಷ್ಟೆ ರೋಜಾ. ಕೆಲವರಿಗೆ ಕಣ್ಣಿನೊಳಗೆ ಪ್ರೆಶರ್ ಏರುತ್ತದೆ. ಅದು ಸದ್ದಿಲ್ಲದೆ ಅಂಚಿನಿಂದ ನೋಟವನ್ನು ಮೇಯುತ್ತಾ ಬರುತ್ತದೆ. ನಡುವಿನದು ಕೊನೆಯವರೆಗೂ ಸರಿಯಾಗಿರುವುದರಿಂದ ಅವರಿಗೇ ಗೊತ್ತಾಗುವುದಿಲ್ಲ. ಮಹಾರಾಣಿ ಅದನ್ನು ಇದ್ದಲ್ಲಿಗೇ ನಿಲ್ಲಿಸುತ್ತಾಳೆ. ದೀಪಾವಳಿಯೊಳಗೆ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನಲ್ಲಿ ಮಾರಾಟ ಶುರುವಾಗದಿದ್ದರೆ ಕಂಪನಿ ನನ್ನಿಂದ ಬ್ಯಾಗನ್ನೂ ಟೈಯನ್ನೂ ಕಿತ್ತುಕೊಳ್ಳುತ್ತದೆ.

ಈ ಪತ್ರವನ್ನು ಅಪ್ಪ ಓಡಿಸುವ ಬಸ್ಸಿನಲ್ಲೇ, ಕಂಡಕ್ಟರ್ ರಾಚಯ್ಯಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪನೇ ಹೊತ್ತು ತಂದು ಕೊಟ್ಟಂತೆ. ನಿನ್ನೆ ಸ್ಟ್ಯಾಂಡಿನಲ್ಲಿ ಡ್ರೈವರ್ ಕಿಟಕಿಯ ಪಕ್ಕದಲ್ಲೇ ನಿಂತು, ಬಾಯಿ ಬಿಡದೆ, ಮಿಲಿಟರಿ ಸೆಲ್ಯೂಟ್ ಹೊಡೆದೆ. ಕೈ ಚಾಚಿದರೆ ಮುಟ್ಟುವ ದೂರ. ಅಪ್ಪ ಕಲ್ಲಿನ ಬಸವನ ಹಾಗೆ ನೆಟ್ಟಗೆ ಮುಂದಕ್ಕೇ ನೋಡುತ್ತಿದ್ದ. ಟೈ ಕಂಡರೆ ಅಷ್ಟು ಅಸಹ್ಯವೇನೋ.

ಇಂತಿ, ಮಹಾರಾಣಿಯ ಪಲ್ಲಕ್ಕಿ ಬೋಯಿ,
ಬೆಟ್ಟಸ್ವಾಮಿ

⁂

ತಿ. ನರಸೀಪುರ
3-7-2001

ಟೈ ಕಟ್ಟಿದ ಕೋತಿಯವರಿಗೆ,

ನಿನ್ನ ಬಿನ್ನಹ ತಲುಪಿತು. ಅವ್ವನಿಗೆ ಗೋಡೆ ಬಿಟ್ಟು ಓದಿದೆ. ಅವಳು, “ಕಿಟ್ಕಿ ಎದ್ರಿಗೆ ಏನದೆಯಂತೆ?” ಎಂದು ಅದನ್ನೇ ಕೇಳಿದಳು. ತೆಂಗಿನಮರ ಅಂದಿದ್ದೇನೆ. ಬಂದಾಗ ನೀನೂ ಹಾಗೇ ಅನ್ನು.

ನಿನಗಾಗಿ ಶಿವಮೂರ್ತಿಯ ಮೆಡಿಕಲ್ ಸ್ಟೋರಿಗೂ ಹೋಗಿ ಬಂದೆ. “ನಮ್ ಫ್ರಿಜ್ಜಲ್ಲಿ ಬಾದಾಮಿ ಹಾಲ್ಗೇ ಜಾಗ ಸಾಲ್ದು ಕಣಮ್ಮಿ. ಡಾಕ್ಟ್ರು ಬರ್ಕೊಟ್ರೆ ತರಿಸ್ತೀನಿ ಅನ್ನು ನಿಮ್ಮಣ್ಣಂಗೆ,” ಎಂದ. ಸಂತೆಬೀದಿಯ ಡಾಕ್ಟರನ್ನು ಕೇಳಿದರೆ, “ಅಂಗಡೀಲಿ ಸಿಗ್ದೆ ಇರೋದನ್ನ ನಾನ್ಯಾಕೆ ಬರೀಲಿ?” ಎಂದರು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಕಿವಿ ಹಿಂಡಬೇಕು ಅನ್ನಿಸಿತು. ನರ್ಸರಿಯಲ್ಲಿ ಹಾಗೇ ಮಾಡುವುದು.

ಅಪ್ಪನ ಸಿಡುಕು ಜಾಸ್ತಿಯಾಗಿದೆ. ಮೊನ್ನೆ ನೀರಿನ ಕೊಡಪಾನ ಎಡವಿ ನಡುಮನೆಯೆಲ್ಲ ಕಪಿಲೆ ಹೊಳೆ. “ದಾರೀಲಿ ಯಾಕ್ ಮಡ್ಗಿದ್ದೀಯೆ?” ಎಂದು ಕೂಗಿದ. “ಇದ್ಯಾವ ದಾರಿ? ಮೂಲೆ ಕಣಪ್ಪ ಇದು, ನಿನ್ ಮದ್ವೆ ಆದಾಗ್ನಿಂದ ಇಲ್ಲೇ ಮಡ್ಗೋದು,” ಎಂದಳು ಅವ್ವ. ಮಳೆಗಾಲವಲ್ಲವೆ, ದಮ್ಮು ಬೇರೆ ಎದ್ದಿದೆ. ನಿನ್ನ ಮಾತು ಎತ್ತುವುದಿಲ್ಲ. ಒಂದೇ ಒಂದು ಸಲ ಬೀಡಿ ಹಚ್ಚುತ್ತಾ, “ಅವ್ನು ನನ್ ಬಸ್ನಲ್ಲಿ ಇರ್ಬೇಕಾಗಿತ್ತು,” ಎಂದ. ಕೋಪದಲ್ಲಿ ಅಂದ ಹಾಗಿರಲಿಲ್ಲ.

ಬುಧವಾರ ಬುಧವಾರ ನಮ್ಮೂರಿಗೆ ಬಂದು, ಡಾಕ್ಟರ ಬಾಗಿಲು ಕಾದು, ನಮ್ಮ ಬೀದಿಗೆ ಬಾರದೆ ಹೋಗುತ್ತೀಯಂತಲ್ಲ. ಯಾರ ಮೇಲೆ ಈ ಪೌರುಷ?

ರೋಜಾ

⁂

ನಂಜನಗೂಡು
20-8-2001

ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವ ಪ್ರಕಟಣೆ!

ನಾನು ಒಂದು ಯಂತ್ರ ಕಂಡುಹಿಡಿದಿದ್ದೇನೆ. ಫುಟ್‌ಪಾತಿನ ಕೂಲಿಂಗ್ ಗ್ಲಾಸಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ, ಎರಡೂ ಕಡೆ ನಡುಮಧ್ಯೆ ಊದುಬತ್ತಿಯಿಂದ ಒಂದೊಂದು ತೂತು ಸುಟ್ಟರೆ ಯಂತ್ರ ಸಿದ್ಧ. ಹಾಕಿಕೊಂಡರೆ ಮುಂದಿನದು ತೂತಿನಷ್ಟು ಕಾಣುತ್ತದೆ. ಪಕ್ಕದ್ದು ಲೋಕದಲ್ಲೇ ಇಲ್ಲ. ಕಾಯಿಲೆ ಬಲಿತವರಿಗೆ ಹೀಗೇ ಕಾಣುವುದು ಎಂದು ಕಂಪನಿಯ ಪುಸ್ತಕದಲ್ಲಿ ಚಿತ್ರವಿತ್ತು. ಚಿತ್ರ ತೋರಿಸಿದರೆ ಡಾಕ್ಟರುಗಳು ಆಕಳಿಸುತ್ತಾರೆ, ಆದ್ದರಿಂದ ಯಂತ್ರ.

ನಂಜುಂಡೇಶ್ ಸಾಹೇಬರ ಮುಂದೆ ಕೈ ಮುಗಿದು ನಿಂತೆ. “ಸಾ, ಇವತ್ತು ಔಷಧದ ಮಾತೇ ಆಡಲ್ಲ. ಇದನ್ನ ಹಾಕ್ಕೊಂಡು ಆ ಬೇಸಿನ್‌ವರೆಗೆ ಹೋಗಿ ಕೈ ತೊಳ್ಕೊಂಡು ಬನ್ನಿ. ಬಂದ್ಬಿಟ್ರೆ ನಾನು ಈ ಊರೇ ಬಿಡ್ತೀನಿ.” ಊರು ಬಿಡುತ್ತೇನೆಂಬ ಆಸೆಗೇ ಅವರು ಒಪ್ಪಿದ್ದು. ಸ್ಟೂಲಿಗೆ ಒಂದು ಗುದ್ದು, ತೂಕದ ಯಂತ್ರಕ್ಕೆ ಇನ್ನೊಂದು. ಬೇಸಿನ್ ಎಂದುಕೊಂಡು ನರ್ಸಮ್ಮನ ಟಿಫಿನ್ ಕ್ಯಾರಿಯರಿನ ಮೇಲೆ ನಲ್ಲಿ ಹುಡುಕಿದರು. ನರ್ಸಮ್ಮ ನಕ್ಕರು, ನಾನು ನಗಲಿಲ್ಲ. (ಒಳಗೊಳಗೆ ಸತ್ತೆ.) ಆಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಓದಿದ್ದೆ ಕಣಯ್ಯ. ಬರೀ ಓದಿದ್ದೆ,” ಎಂದರು.

ಹೊರಗೆ ಹುಲ್ಲಹಳ್ಳಿಯ ಚನ್ನಬಸಮ್ಮ ಎಂಬ ಹೆಂಗಸು ಕಾದಿದ್ದರು. ಕಣ್ಣಿನ ಪ್ರೆಶರ್, ಜೊತೆಗೆ ದಮ್ಮು. ದಮ್ಮು ಇದ್ದವರಿಗೆ ಹಳೆಯ ಅಗ್ಗದ ಹನಿ ಹಾಕುವಂತಿಲ್ಲ, ಉಸಿರು ಕಟ್ಟುತ್ತದೆ. ಡಾಕ್ಟರು ಯೋಚಿಸಿ ಯೋಚಿಸಿ ಮಹಾರಾಣಿಯ ಹೆಸರು ಬರೆದರು. ಚನ್ನಬಸಮ್ಮ, “ಹಾಕಿದ್ರೆ ಚೆನ್ನಾಗಿ ಕಾಣ್ತದಾ ಬುದ್ಧಿ?” ಎಂದಾಗ ಡಾಕ್ಟರು ನನ್ನನ್ನು ಕೊಲ್ಲುವ ಹಾಗೆ ನೋಡಿ, “ಇರೋದು ಇರುತ್ತೆ ತಾಯಿ,” ಎಂದರು. ರೋಜಾ, ಅದು ನನ್ನ ಡೈಲಾಗು!

ಒಂದು ತಾಲ್ಲೂಕು ಗೆದ್ದಂತಾಯಿತು. ಉಳಿದದ್ದು ನರಸೀಪುರ. ಈ ಪತ್ರದೊಂದಿಗೆ ಒಂದು ಯಂತ್ರ ಕಳಿಸಿದ್ದೇನೆ. ಅವ್ವನಿಗೆ ಹಾಕು, ಶಿವಮೂರ್ತಿಗೆ ಹಾಕು, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹಾಕು. ಯಾರು ಯಾರು ಎಲ್ಲೆಲ್ಲಿ ಬಿದ್ದರೆಂದು ವರದಿ ಸಲ್ಲಿಸತಕ್ಕದ್ದು.

ಅಪ್ಪಣೆಯ ಮೇರೆಗೆ,
ಬೆಟ್ಟಸ್ವಾಮಿ, ಯಂತ್ರಬ್ರಹ್ಮ

⁂

ತಿ. ನರಸೀಪುರ
2-9-2001

ಯಂತ್ರಬ್ರಹ್ಮರಿಗೆ ವರದಿ.

ಅವ್ವ: ಹಾಕಿಕೊಂಡು ಮುದ್ದೆ ಬಡಿಸಿದಳು. ಮುದ್ದೆ ತಟ್ಟೆಗೆ, ಸಾರು ಚಾಪೆಗೆ. “ಅಯ್ಯೋ ನನ್ ಕಣ್ಣೇ ಓಯ್ತು!” ಎಂದು ಕಿರುಚಿ ತೆಗೆದಳು. ತೆಗೆದ ಮೇಲೂ ಸ್ವಲ್ಪ ಹೊತ್ತು ಕಿರುಚಿದಳು.

ಪಕ್ಕದ ಮನೆಯ ಮರಿತಾಯಮ್ಮ: ಬಾಗಿಲ ದಾರಂದಕ್ಕೆ ಹಣೆ ಕೊಟ್ಟು, ನಿನಗೆ ಶಾಪ ಕೊಟ್ಟಳು. ಶಾಪವನ್ನು ಇಲ್ಲಿ ಬರೆಯಲಾರೆ, ನಾನು ಉಪಾಧ್ಯಾಯಿನಿ.

ಶಿವಮೂರ್ತಿ: ಅಂಗಡಿಯಲ್ಲೇ ಹಾಕಿಕೊಂಡ. ಗಿರಾಕಿ ಚಾಚಿದ ಕೈಯಲ್ಲಿ ಚಿಲ್ಲರೆ ಇಡಲು ಹೋಗಿ ಬಾದಾಮಿ ಹಾಲಿನೊಳಗೆ ಬಿಟ್ಟ. “ಆಯ್ತು ಕಣಮ್ಮಿ, ಒಂದ್ ಬಾಟ್ಲಿಗೆ ಜಾಗ ಮಾಡ್ತೀನಿ,” ಎಂದಿದ್ದಾನೆ.

ಇನ್ನು ನಿನ್ನ ಯಂತ್ರದ ಸೋಲು. ಸಂಜೆ ಅಪ್ಪ ಬಂದ. ಬೈಯುತ್ತಾನೆ ಎಂದು ಬಚ್ಚಿಡುವಷ್ಟರಲ್ಲಿ, “ಕೊಡಮ್ಮಿ, ಊರೆಲ್ಲ ಅದ್ರದ್ದೇ ಮಾತು,” ಎಂದು ಇಸಿದುಕೊಂಡು ಹಾಕಿಕೊಂಡ. ನಾವೆಲ್ಲ ನಗಲು ಸಿದ್ಧರಾಗಿ ನಿಂತೆವು. ಅಪ್ಪ ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದ, ಕೂತು ಉಂಡ. ಏನೂ ಚೆಲ್ಲಲಿಲ್ಲ. ಬೀಡಿಯನ್ನೂ ಹಚ್ಚಿದ. ನಮಗೆ ಬೇಜಾರಾಯಿತು. “ಏನದೆ ಇದ್ರಲ್ಲಿ? ಒಸಿ ಕಪ್ಪು, ಅಷ್ಟೇಯ. ಯಾವಾಗ್ಲೂ ಕಾಣೋ ಅಂಗೇ ಕಾಣ್ತದೆ. ಡಾಕ್ಟ್ರು ಮೊಕಕ್ಕೆಲ್ಲ ಮಂಕುಬೂದಿ ಎರಚ್ತಾವ್ನೆ ನಿಮ್ಮಣ್ಣ,” ಎಂದು ನನ್ನ ತೊಡೆಯ ಮೇಲೆ ಹಾಕಿದ.

ಅಂತೂ ನಿನ್ನ ಪ್ರತಾಪ ಒಬ್ಬನ ಮುಂದೆ ನಡೆಯಲಿಲ್ಲ. ನಿನ್ನ ವಿಷಯ ಅಪ್ಪ ಇಷ್ಟು ಮಾತಾಡಿದ್ದು ಯುಗಾದಿಯಾದ ಮೇಲೆ ಇದೇ ಮೊದಲು, ಅದಕ್ಕಾದರೂ ಸಂತೋಷಪಡು.

ರೋಜಾ

⁂

ನಂಜನಗೂಡು
4-9-2001

ರೋಜಾ,

ಇದನ್ನು ಅಪ್ಪನ ಬಸ್ಸಿನಲ್ಲಿ ಕಳಿಸುತ್ತಿಲ್ಲ, ಸರ್ಕಾರಿ ಬಸ್ಸಿನ ಒಬ್ಬರ ಕೈಯಲ್ಲಿ ಕೊಟ್ಟಿದ್ದೇನೆ. ಒಬ್ಬಳೇ ಓದು.

ಅದನ್ನು ಹಾಕಿಕೊಂಡು ಯಾರೂ ಉಣ್ಣಲಾರರು. ನಾನು ಮಾಡಿದವನು, ನನಗೇ ಆಗುವುದಿಲ್ಲ. ಅಭ್ಯಾಸವಿದ್ದವರಿಗೆ ಮಾತ್ರ ಆಗುತ್ತದೆ. ಅಪ್ಪನಿಗೆ ಅಭ್ಯಾಸವಿದೆ. ಕನ್ನಡಕ ಇಲ್ಲದೆಯೂ ಅವನಿಗೆ ಅಷ್ಟೇ ಕಾಣುವುದು.

ನಿನ್ನ ಹಳೆಯ ಪತ್ರ ಮತ್ತೆ ತೆಗೆದು ಓದಿದೆ. ಮೂಲೆಯ ಕೊಡಪಾನ. ನಾನು ಅವತ್ತು ಸೆಲ್ಯೂಟ್ ಹೊಡೆದು ನಿಂತಿದ್ದೆನಲ್ಲ, ಅಪ್ಪ ಮುಖ ತಿರುಗಿಸಿದ್ದಲ್ಲ ರೋಜಾ. ನಾನು ಪಕ್ಕದಲ್ಲಿದ್ದೆ. ನಾನು ಅವನಿಗೆ ಕಾಣಲೇ ಇಲ್ಲ. ಟೈ ಕಟ್ಟಿದ ಒಬ್ಬ ಮೂರ್ಖ ಇಷ್ಟು ತಿಂಗಳು ಕಿಟಕಿಯ ಪಕ್ಕ ನಿಂತು ಅಭಿಮಾನ ಮಾಡಿಕೊಂಡು ಹೋಗಿದ್ದಾನೆ.

ನಿನ್ನೆಯಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಸ್ಟ್ಯಾಂಡಿಗೆ ಹೋಗುತ್ತೇನೆ, ಅಪ್ಪನ ಬಸ್ಸು ಒಳಗೆ ಬಂದ ಮೇಲೆ ಉಸಿರು ಬಿಟ್ಟು ವಾಪಸ್ ಬರುತ್ತೇನೆ, ಮತ್ತೆ ಹೋಗುತ್ತೇನೆ. ಒಂದು ಕೆಲಸ ಮಾಡು. ಭಾನುವಾರ ಅವನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಾ. ರಸ್ತೆ ನೋಡಬೇಡ, ಅವನ ಮುಖ ನೋಡು.

ಬೆಟ್ಟ

⁂

ತಿ. ನರಸೀಪುರ
10-9-2001

ಅಣ್ಣಾ,

ಹೋಗಿದ್ದೆ. ನಂಜನಗೂಡಿನಲ್ಲಿ ಇಳಿದು ನಿನ್ನ ರೂಮಿಗೆ ಬರಲು ಕಾಲು ಬರಲಿಲ್ಲ, ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಅಪ್ಪನನ್ನು ಬಿಟ್ಟು ಇಳಿಯಲು ಭಯವಾಯಿತು.

ರಾಚಯ್ಯಣ್ಣ ಹಿಂದೆ ಹೋಗಿ ಟಿಕೆಟ್ ಕೊಡುವುದೇ ಇಲ್ಲ. ಹತ್ತುವಾಗಲೇ ಎಲ್ಲರಿಗೂ ಕೊಟ್ಟು, ಬಸ್ಸು ಹೊರಟ ಮೇಲೆ ಅಪ್ಪನ ಹಿಂದೆ ಕಂಬಿ ಹಿಡಿದು ನಿಲ್ಲುತ್ತಾನೆ. “ಎಡಕ್ಕೆ ಸೈಕಲ್ಲು.” “ಬಲಕ್ಕೆ ಗಾಡಿ ಬಂತು.” “ದನ ಅವೆ, ದನ.” ಹಾಡಿನಂತೆ ಹೇಳುತ್ತಲೇ ಇರುತ್ತಾನೆ. ಪ್ಯಾಸೆಂಜರುಗಳು ಅದನ್ನು ಅವನ ಬಾಯಿಚಪಲ ಎಂದುಕೊಂಡಿದ್ದಾರೆ. ಅಪ್ಪ ಪ್ರತಿಸಲವೂ ತಲೆಯನ್ನೇ ಪೂರ್ತಿ ತಿರುಗಿಸಿ ನೋಡುತ್ತಾನೆ.

ಸುತ್ತೂರು ದಾಟಿದ ಮೇಲೆ ಒಬ್ಬರು ಚಿಲ್ಲರೆ ಕೇಳಿದರು. ರಾಚಯ್ಯಣ್ಣ ಬ್ಯಾಗಿಗೆ ಕೈ ಹಾಕಿದ, ಅಷ್ಟೆ. ಎಡಗಡೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಹೋಗುತ್ತಿದ್ದಳು. ಬಸ್ಸು ಹೊರೆಯನ್ನು ಸವರಿತು, ಅವಳು ಹೊರೆಯ ಸಮೇತ ಗದ್ದೆಯ ಬದುವಿಗೆ ಉರುಳಿದಳು. ಏಟಾಗಲಿಲ್ಲ, ಎದ್ದು ಮಣ್ಣು ಎಸೆದು ಬೈದಳು. ಅಪ್ಪ, “ಏನ್ಲಾ ಅದು ಸದ್ದು?” ಎಂದು ಕೇಳಿದ ಅಣ್ಣ. ಏನು ಸದ್ದು ಎಂದು ಕೇಳಿದ.

ಊರಲ್ಲಿ ಇಳಿದ ಮೇಲೆ ರಾಚಯ್ಯಣ್ಣನನ್ನು ತಡೆದು ನಿಲ್ಲಿಸಿದೆ. “ವರ್ಸ ಆಯ್ತು ಕಣವ್ವ. ನಿಮ್ಮಣ್ಣನ್ನ ಕಂಡಕ್ಟರ್ ಮಾಡಿ ಅಂತ ನಿಮ್ಮಪ್ಪ ಮಾಲೀಕ್ರು ದೊಡ್ಡಸಿದ್ದಯ್ಯನೋರ ಕಾಲು ಕಟ್ಟಿದ್ದು ಇದ್ಕೇಯ. ತನ್ ಮಗ ಆದ್ರೆ ಬಾಯಿ ಬುಡಲ್ಲ, ಕಣ್ಣಾಗಿರ್ತಾನೆ ಅಂತ. ಅವ್ನು ಓಡೋದ. ನಾನ್ ಎಂಗ್ ಬುಟ್ಟೋಗ್ಲಿ ಏಳು?” ಎಂದ.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದಿದ್ದೇನೆ.

ಅಪ್ಪನನ್ನು ಕೇಳಿದೆ. ಎದ್ದು ನಿಂತುಬಿಟ್ಟ. “ಲೈಸೆನ್ಸ್ ಡಾಕ್ಟ್ರು ಮುಂದೆ ಬೋರ್ಡಲ್ಲಿದ್ದ ಅಕ್ಸರ ಕಡೇ ಗೆರೆವರ್ಗೂ ಓದಿವ್ನಿ. ನಂಗೇನಾಗದೆ? ಈ ರೋಡು ನನ್ ಕೈಗೇ ಗೊತ್ತು.” ಹುಲ್ಲಿನ ಹೊರೆಯ ಮಾತು ಹೇಳಿದೆ. ಮತ್ತೆ ಕೂತ. ಆಮೇಲೆ ಮೆತ್ತಗೆ, “ಆ ಹನಿ ಬುಟ್ರೆ ಓಗಿರೋದು ವಾಪಸ್ ಬಂದದಾ? ಕೇಳು ನಿಮ್ಮಣ್ಣನ್ನ,” ಎಂದ.

ಏನು ಹೇಳಲಿ? ಬರುತ್ತೆ ಅಂದರೆ ಹಾಕಿಕೊಳ್ಳುತ್ತಾನೆ. ಒಂದು ಸುಳ್ಳು ಹೇಳಲಾ?

ರೋಜಾ

⁂

ನಂಜನಗೂಡು
13-9-2001

ಅಪ್ಪಾ,

ಪತ್ರದಲ್ಲಿ ‘ತಾವು’ ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದು ನೋಡಿದೆ, ಬೇರೆ ಯಾರಿಗೋ ಬರೆದ ಹಾಗಿತ್ತು. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನೀನು ರೋಜಾಳನ್ನು ಕೇಳಿದ್ದಕ್ಕೆ ಉತ್ತರ: ಬರುವುದಿಲ್ಲ. ಹೋದದ್ದು ಹೋಯಿತು. ಅವಳು ಸುಳ್ಳು ಹೇಳಲಾ ಎಂದು ಕೇಳಿದ್ದಳು, ಬೇಡ ಎಂದೆ. ಮೊದಲ ತಿಂಗಳು ಏನೂ ಕಾಣದೆ ನೀನು ಬಾಟಲಿಯನ್ನು ಕಪಿಲೆಗೆ ಎಸೆಯುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ನನ್ನದೂ ಅದೇ.

ನಾನು ಈ ಹನಿಯನ್ನು ಡಾಕ್ಟರುಗಳ ಮುಂದೆ ಹಾಡಿ, ಕುಣಿದು, ಕನ್ನಡಕ ಹಾಕಿಸಿ ಮಾರುತ್ತೇನೆ. ನಿನ್ನ ಮುಂದೆ ಒಂದು ಹಾಡೂ ನೆನಪಾಗುತ್ತಿಲ್ಲ. ದಿನಕ್ಕೆ ಒಂದು ಸಲ, ಒಂದೊಂದು ಕಣ್ಣಿಗೆ ಒಂದೊಂದು ಹನಿ, ಬದುಕಿರುವವರೆಗೆ. ದುಬಾರಿ. ಹಾಕಿದರೆ ಅವ್ವನ ಮುಖ ಈಗ ಹೇಗೆ ಕಾಣುತ್ತದೆಯೋ ಹಾಗೇ ಕಾಣುತ್ತಿರುತ್ತದೆ. ಹಾಕದಿದ್ದರೆ ಆ ತೂತೂ ಮುಚ್ಚುತ್ತದೆ. ಇಷ್ಟೆ ನನ್ನ ಸರಕು.

ಡಾಕ್ಟರ್ ನಂಜುಂಡೇಶ್ ಅವರಿಗೆ ಹೇಳಿದ್ದೇನೆ. ಯಾವತ್ತು ಬಂದರೂ ನೋಡುತ್ತಾರೆ.

ಬಸ್ಸಿನ ವಿಷಯ ಬೇರೆ. ಅದಕ್ಕೆ ಕಾಯುವ ಹಾಗಿಲ್ಲ. ಸೋಮವಾರ ನಾನು ಮಾಲೀಕರಾದ ದೊಡ್ಡಸಿದ್ದಯ್ಯನವರ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ. ಅಷ್ಟರೊಳಗೆ ನೀನೇ ಹೇಳಿದ್ದರೆ, ಕಾಫಿ ಕುಡಿದು ಬರುತ್ತೇನೆ. ನೀನು ಜನ್ಮಪೂರ್ತಿ ನನ್ನ ಮುಖ ನೋಡದಿದ್ದರೂ ಚಿಂತೆಯಿಲ್ಲ, ಹೇಳಿಯೇ ಹೇಳುತ್ತೇನೆ. ಬದುವಿಗೆ ಬಿದ್ದವಳು ಎದ್ದು ಬೈದಳಂತೆ. ಇನ್ನೊಬ್ಬಳು ಬೈಯದೆ ಬಿದ್ದಿದ್ದರೆ?

ನೀನು ಯಾಕೆ ನನ್ನನ್ನು ಕಂಡಕ್ಟರ್ ಮಾಡಿದೆ ಎಂದು ಈಗ ತಿಳಿಯಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾನು ಇರುತ್ತಿದ್ದೆ ಅಪ್ಪ. ಇದ್ದು ನಿನಗೆ ಎಡ ಬಲ ಹೇಳುತ್ತಾ, ನೀನು ಪೂರ್ತಿ ಕುರುಡಾಗುವವರೆಗೂ ಬಸ್ಸು ಓಡಿಸಲು ಬಿಡುತ್ತಿದ್ದೆ. ಅದಕ್ಕೇ, ಓಡಿ ಬಂದದ್ದೇ ಒಳ್ಳೆಯದಾಯಿತೇನೋ. ಗೊತ್ತಿಲ್ಲ. ಇದನ್ನು ಯೋಚಿಸುತ್ತಾ ರೂಮಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ರೂಮಿಗೆ ತಿರುಗುತ್ತಿದ್ದೇನೆ.

ನಿನ್ನ ಮಗ,
ಬೆಟ್ಟ

⁂

ತಿ. ನರಸೀಪುರ
30-10-2001

ಬೆಟ್ಟನಿಗೆ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ರೋಜಾ ಬರೆದುಕೊಡುತ್ತೇನೆ ಎಂದಳು, ಬೇಡವೆಂದೆ. ಗೆರೆ ಓರೆಯಾದರೆ ನೀನೇ ಸರಿಮಾಡಿ ಓದಿಕೋ.

ನೀನು ಸೋಮವಾರ ಎಂದು ಬರೆದಿದ್ದೆ. ನಾನು ಭಾನುವಾರವೇ ಮಾಲೀಕರ ಮನೆಗೆ ಹೋಗಿ ಕೀ ಮೇಜಿನ ಮೇಲಿಟ್ಟೆ. ನೀನು ಹೇಳುತ್ತೀಯ ಎಂಬ ಹೆದರಿಕೆಗಲ್ಲ. ಶನಿವಾರ ಆ ಹುಲ್ಲಿನ ಹೊರೆಯ ಹೆಂಗಸು ಅದೇ ಜಾಗದಲ್ಲಿ ಕೈ ಅಡ್ಡ ಹಾಕಿ ಬಸ್ಸು ಹತ್ತಿದಳು. ಹೊರೆಯನ್ನು ಟಾಪಿಗೆ ಹಾಕಿಸಿ ನನ್ನ ಹಿಂದಿನ ಸೀಟಿನಲ್ಲಿ ಕೂತು, “ಡ್ರೈವರಣ್ಣ, ಅವತ್ತು ಬೈದ್ಬುಟ್ಟೆ, ಮನ್ಸಲ್ಲಿ ಮಡಿಕೋಬೇಡ. ನಿಂಗೂ ನೋಡ್ಬುಟ್ಟು ಗುದ್ಬೇಕು ಅಂತ ಇದ್ದದಾ?” ಎಂದಳು. ಆಮೇಲೆ ಊರು ಬರುವವರೆಗೂ ನಾನು ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗಲಿಲ್ಲ.

ಮಾಲೀಕರು ಬೈದರು, ಆಮೇಲೆ ಕೂರಿಸಿದರು. ಈಗ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದೇನೆ. ಮೂರು ಬಸ್ಸಿಗೆ ಜನ ಕೂಗಿ ಹತ್ತಿಸುವುದು. ಸಂಬಳ ಕಡಿಮೆ, ಗಂಟಲು ಜಾಸ್ತಿ. ಅವ್ವ ದಿನಾ ಬಿಸಿನೀರು ಕಾಯಿಸಿ ಕೊಡುತ್ತಾಳೆ, ಬೀಡಿ ಬಿಡು ಎನ್ನುತ್ತಾಳೆ. ಬಿಟ್ಟಿಲ್ಲ.

ನಿಮ್ಮ ಡಾಕ್ಟರ ಹತ್ತಿರ ರಾಚಯ್ಯನ ಜೊತೆ ಹೋಗಿದ್ದೆ. ನೀನು ಹಳ್ಳಿ ಮೇಲೆ ಹೋಗಿದ್ದೆಯಂತೆ. ಗಲ್ಲ ಊರಿಸಿ, ಲೈಟ್ ಬಿಟ್ಟು, ಬಹಳ ಹೊತ್ತು ನೋಡಿದರು. ನೀನು ಹೇಳಿದ್ದನ್ನೇ ಹೇಳಿದರು. ದಮ್ಮು ಇದೆ ಎಂದಾಗ, ಅಗ್ಗದ್ದು ಆಗುವುದಿಲ್ಲ ಎಂದು ನಿನ್ನ ಹನಿಯನ್ನೇ ಬರೆದರು. “ನಿಮ್ಮ ಮಗ ಬಲು ಕಿರಿಕಿರಿ ಕಣ್ರೀ,” ಎಂದರು. ಹೌದು ಸಾ, ಎಂದೆ.

ನೀನು ಸುಮ್ಮನೆ ಕೊಡುವ ಸ್ಯಾಂಪಲ್ಲು ನನಗೆ ಬೇಡ. ಶಿವಮೂರ್ತಿಯ ಅಂಗಡಿಯಲ್ಲೇ ತೆಗೆದುಕೊಂಡೆ. ನಮ್ಮೂರಲ್ಲಿ ಇದು ಮೊದಲನೇ ಬಾಟಲಿ ಎಂದು ಅವನು ಇಡೀ ಬೀದಿಗೆ ಕೂಗಿ ಹೇಳಿದ. ನರಸೀಪುರದಲ್ಲೂ ಮಾರಾಟ ಶುರುವಾಯಿತು ಎಂದು ನಿನ್ನ ಮ್ಯಾನೇಜರಿಗೆ ಬರೆದುಕೋ. ಯಾರು ಕೊಂಡರು ಎಂದು ಬರೆಯಬೇಡ.

ರೋಜಾ ಹಾಕುತ್ತಾಳೆ. ನರ್ಸರಿ ಮಕ್ಕಳಿಗೆ ಹೇಳಿದ ಹಾಗೆ, ಅಲ್ಲಾಡಬಾರದು, ಅಲ್ಲಾಡಬಾರದು ಎನ್ನುತ್ತಾಳೆ. ತಿಂಗಳ ಮೇಲಾಯಿತು. ನೀನು ಹೇಳಿದ ಹಾಗೇ ಏನೂ ಆಗಿಲ್ಲ. ಎರಡನೇ ಬಾಟಲಿ ತಂದಿದ್ದೇನೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ನನ್ನ ಗಾಡಿಯನ್ನು ಈಗ ಮಂಟೇಸ್ವಾಮಿ ಎಂಬ ಹುಡುಗ ಓಡಿಸುತ್ತಾನೆ, ಒಳ್ಳೆಯ ಕೈ. ಅವನು ಸ್ಟ್ಯಾಂಡಿನಿಂದ ರಿವರ್ಸ್ ತೆಗೆಯುವಾಗ ನಾನು ನೆಲದ ಮೇಲೆ ನಿಂತಿರುತ್ತೇನೆ, ನನ್ನ ಬಲಗಾಲು ತಾನಾಗಿ, ಬ್ರೇಕ್ ಒತ್ತುವ ಹಾಗೆ, ನೆಲ ಒತ್ತುತ್ತದೆ. ಅವನು ಹೋಗಿ ರಸ್ತೆ ಸೇರುವವರೆಗೂ ತೆಗೆಯಲು ಆಗುವುದಿಲ್ಲ. ಅದಕ್ಕೆ ನಿನ್ನ ಬ್ಯಾಗಿನಲ್ಲಿ ಏನಾದರೂ ಔಷಧಿ ಇದ್ದರೆ ಬರೆ. ಇಲ್ಲದಿದ್ದರೂ ಬರೆ.

ನಿನ್ನ ಅಪ್ಪ,
ತಿಮ್ಮಯ್ಯ